ಸಾವ್ಕಾರರ ಮೋಟಾರಿನ ಇಲಿ

ಹೈದರಾಬಾದಿನ ಯಾವನೋ ನವಾಬ ಓಡಿಸಿ ಬಿಟ್ಟ ಮೋಟಾರದು. ಭಾಲ್ಕಿಯ ಶಿವರಾಜಪ್ಪ ಸಾವ್ಕಾರರ ಕೈಗೆ ಬರುವ ಹೊತ್ತಿಗೇ ಮುದಿಯಾಗಿತ್ತು, ಖರೆ. ಆದರೂ ನಿನ್ನೆ ತಾನೇ ಔರಾದಿನ ಮದುವೆಗೆ ಹೋಗಿ ಒಮ್ಮೆಯೂ ಕೆಮ್ಮದೆ ಬಂದಿತ್ತು. ಇವತ್ತೇ ಕೈಕೊಡಬೇಕೆ? ಹ್ಯಾಂಡಲ್ ತಿರುವಿ ತಿರುವಿ ಡ್ರೈವರ್ ಹಾವಗೆಪ್ಪನ ರಟ್ಟೆ ಬಿದ್ದುಹೋಗಿತ್ತು.

ಅಂಗಳದ ಬೇವಿನ ಬುಡದಲ್ಲಿ ಕೇಶರಬಾಯಿ ಮಲಗಿದ್ದಳು. ಸಾವ್ಕಾರರ ಕಬ್ಬು ಕಡಿಯುವಾಗ ಹಾವು ಕಚ್ಚಿ ಕಾಲು ಮೊಳಕಾಲವರೆಗೆ ಬಾತಿತ್ತು. ಬಂಡಿ ಕಟ್ಟಿದರೆ ಬೀದರ ಮುಟ್ಟುವುದು ಕತ್ತಲಾದ ಮೇಲೆ. ಅಲ್ಲಿಯತನಕ ಜೀವ ತಡೆಯುವಂತಿರಲಿಲ್ಲ. ಊರಾಚೆಯ ಕೇರಿಯಿಂದ ಅವಳ ಗಂಡ ಮಾಣಿಕ ಓಡಿಬಂದು ಕೈಮುಗಿದಾಗ, ಸಾವ್ಕಾರರು ಮಂದಿಯ ಎದುರು ಎದೆಯುಬ್ಬಿಸಿದ್ದರು.

“ಬಸವಣ್ಣನ ಒಕ್ಕಲ ನಾವು. ನಮ್ಮಲ್ಲಿ ಮ್ಯಾಲ ಕೆಳಗ ಇಲ್ಲ. ಹಾವಗೆಪ್ಪ, ಮೋಟಾರ ತಗಿ, ಬೀದರ ದವಾಖಾನಿಗೆ ಒಯ್ಯಿ!”

ಆಹಾ, ಏನು ಮಾತು! ಮಂದಿ ತಲೆದೂಗಿದರು. ಹಾವಗೆಪ್ಪ ಇಂಜಿನ್ನಿಗೆ ನೀರು ತರಲು ಬಾವಿಗೆ ಹೋದ. ಬಂದು ನೋಡಿದರೆ ಗಾಡಿ ಹೆಣ.

ಹಾರ್ನ್ ಒತ್ತಿದ, ಓಣಿಯೆಲ್ಲ ಬೆಚ್ಚುವಂತೆ ಕೂಗಿತು. ಬ್ಯಾಟರಿಗೆ ಏನೂ ಆಗಿಲ್ಲ. ಪ್ಲಗ್ಗಿನ ವೈರು ಕಿತ್ತು ಕಬ್ಬಿಣದ ಹತ್ತಿರ ಹಿಡಿದು, ಒಬ್ಬನಿಂದ ಹ್ಯಾಂಡಲ್ ಹೊಡೆಸಿದ. ಕಿಡಿಯಿಲ್ಲ. ಕಿಡಿ ಹುಟ್ಟಿಸುವ ಕಾಯಿಲಿನಿಂದ ಬರುವ ವೈರು ಹಿಡಿದರೆ ಚಟ್ ಅಂತ ನೀಲಿ ಕಿಡಿ! ಅಂದರೆ ಕರೆಂಟು ನಡುವೆ ಸಾಯುತ್ತಿದೆ. ನಡುವೆ ಇರುವುದು ಒಂದು ಕರಿ ಮುಚ್ಚಳ. ಕ್ಲಿಪ್ಪು ಬಿಚ್ಚಿ ಎತ್ತಿದ. ಒಳಗೆ ತಿರುಗುತ್ತ ಕಿಡಿ ಹಂಚುವ, ಹೆಬ್ಬೆರಳಿನಷ್ಟು ತುಂಡೇ ಇರಲಿಲ್ಲ.

ಪರವೂರಲ್ಲಿ ಮೋಟಾರು ಕಳುವಾಗದಂತೆ ಆ ತುಂಡು ತೆಗೆದಿಟ್ಟುಕೊಳ್ಳುವುದನ್ನು ಸಾವ್ಕಾರರಿಗೆ ಕಲಿಸಿದವನು ಹಾವಗೆಪ್ಪನೇ. ಮೂರನೆಯವರಿಗೆ ಅದು ಗೊತ್ತಿರಲಿಲ್ಲ.

“ಸಾವ್ಕಾರ್ರ, ಇದರಾಗಿನ ತುಂಡು ಎಲ್ಲಿ ಹೋತ್ರಿ?”

“ಇಲಿ ಒಯ್ದಿರಬೇಕು ನೋಡಪಾ. ಹಳೀ ಗಾಡಿ. ಆಕಿ ಹಣಿಬಾರ, ಯಾರೇನ್ ಮಾಡ್ಲಿಕ್ಕ ಆಗ್ತದ?”

ಇಲಿಯಂತೆ! ಕ್ಲಿಪ್ಪು ಬಿಚ್ಚಿ, ತುಂಡು ಎತ್ತಿಕೊಂಡು, ಮತ್ತೆ ಮುಚ್ಚಳ ಹಾಕಿ ಕ್ಲಿಪ್ಪು ಬಿಗಿದು ಹೋದ ಇಲಿ! ಹಾವಗೆಪ್ಪ ಸಾವ್ಕಾರರ ಕೈ ನೋಡಿದ. ಹಣೆಯ ಮೇಲೆ ವಿಭೂತಿ, ಬೆರಳ ತುದಿಗೆ ಕರಿ ಎಣ್ಣೆ. ಥೂ! ಮೋಟಾರು ಕೊಡೋದಿಲ್ಲ ಅಂತ ಮೊದಲೇ ಅಂದಿದ್ದರೆ ಬಂಡಿಯಾದರೂ ಇಷ್ಟೊತ್ತಿಗೆ ಹಾದಿ ಹಿಡಿಯುತ್ತಿತ್ತು.

“ಇಲಿ ನಿಮ್ಮ ಕಿಸ್ಯಾಗ ಅದರಿ,” ಎಂದ, ಎಲ್ಲರಿಗೂ ಕೇಳುವಂತೆ. “ತಗೀರಿ.”

ಸಾವ್ಕಾರರು ಮುಖ ಗಂಟಿಕ್ಕಿಕೊಂಡು, ಕಿಸೆಯಿಂದ ತುಂಡು ತೆಗೆದು ಬಿಸಾಕಿದರು. ಹಾವಗೆಪ್ಪ ಅದನ್ನು ಕೂಡಿಸಿ ಹ್ಯಾಂಡಲ್ ಹೊಡೆದ. ಒಂದೇ ಏಟಿಗೆ ಮೋಟಾರು ಗುಡುಗಿತು.

ಅವನೂ ಮಾಣಿಕನೂ ಸೇರಿ ಕೇಶರಬಾಯಿಯನ್ನು ಎತ್ತಿ ತಂದರು. ಮೋಟಾರಿನ ಬಾಗಿಲ ಬಳಿ ಮಾಣಿಕ ತಡೆದು ನಿಂತ. ಯಾರೂ ಹೇಳಿರಲಿಲ್ಲ, ತನ್ನ ಹೆಗಲ ಮೇಲೆ ಮನೆಯಿಂದಲೇ ಹಾಕಿಕೊಂಡು ಬಂದಿದ್ದ ಗೋಣಿಚೀಲ ಎಳೆದುಕೊಂಡ.

“ಮೊದಲ ಇದು ಹಾಸ್ತೇನ್ರಿ. ನಿಮ್ಮ ಗಾದಿ ಮೈಲಿಗಿ ಆಗಬಾರದ್ರಿ.”

ಆಗ ಸಾವ್ಕಾರರ ಮುಖ ಅರಳಿತು. “ಶಾಣ್ಯಾ ಇದ್ದೀ ಮಾಣಿಕ. ಹಾಸು, ಹಾಸು.”

ಹಾವಗೆಪ್ಪ ಕೇಶರಬಾಯಿಯನ್ನು ಬರೀ ಗಾದಿಯ ಮೇಲೆ ಮಲಗಿಸಿದ. ಗೋಣಿಯನ್ನು ಮಾಣಿಕನ ಕೈಯಿಂದ ಕಸಿದು ಸಾವ್ಕಾರರ ಕಾಲಬುಡಕ್ಕೆ ಎಸೆದ.

“ನೀವ ಹಾಸ್ಕೊಂಡು ಕೂಡ್ರಿ. ಹೊಲಸು ಇಲ್ಲೇ ಅದ.”