ಮೂವತ್ತು ಪಾಲಿನ ಗುಂಡಿಗೆ

ನನ್ನ ಗುಂಡಿಗೆ ಒಮ್ಮೆ ಜೋರಾಗಿ ಬಡಿದರೆ ಭಾಲ್ಕಿ ಸ್ಟೇಷನ್ನಿನಲ್ಲಿ ನಿಂತ ಗೂಡ್ಸ್ ಗಾಡಿ ಎರಡು ಗೇಣು ಹಿಂದಕ್ಕೆ ಸರಿಯುತ್ತದೆ. ಸುಳ್ಳೆನ್ನುವವರು ಸ್ಟೇಷನ್ ಮಾಸ್ತರರನ್ನೇ ಕೇಳಬಹುದು. ಅವರು ಇಲ್ಲವೆನ್ನುತ್ತಾರೆ. ನೌಕರಿಯ ಭಯ, ಪಾಪ.

ಇಂಥ ಗುಂಡಿಗೆಯ ಮೇಲೆ ಬೀದರದ ಡಾಕ್ಟರ್ ಸಾನಿಕಾ ಮಷೀನು ಆಡಿಸಿ ನೋಡಿ, ಅದು ತುಂಬಿದ ರಕ್ತದಲ್ಲಿ ನೂರಕ್ಕೆ ಮೂವತ್ತು ಪಾಲನ್ನಷ್ಟೇ ಹೊರಕ್ಕೆ ತಳ್ಳುತ್ತಿದೆ, ಅರವತ್ತರ ಹತ್ತಿರ ಇರಬೇಕಿತ್ತು ಎಂದರು. ನನ್ನ ಹೆಂಡತಿ ಪುತಳಾಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾನು ಮೀಸೆ ತಿರುವಿದೆ. ಉಳಿದವರು ಅರವತ್ತು ಪಾಲು ತಳ್ಳಿಯೂ ಒಂದು ಹೊಲ ದಾಟುವಷ್ಟರಲ್ಲಿ ಏದುಸಿರು ಬಿಡುತ್ತಾರೆ. ಈ ಧೊಂಡಿಬಾ ಮೂವತ್ತರಲ್ಲೇ ನಮ್ಮ ಇಡೀ ಭಾತಂಬ್ರಾ ಊರನ್ನು ಎಬ್ಬಿಸುತ್ತಾನೆ. ಅರ್ಧ ಕೂಲಿಗೆ ಪೂರ್ತಿ ಕೆಲಸ ಮಾಡುವ ಆಳು ಯಾರ ಎದೆಯಲ್ಲಿದ್ದಾನೆ, ಹೇಳಿ?

ನಮ್ಮದು ಎರಡು ಸಾವಿರ ಕುರಿಗಳ ಹಿಂಡು. ನನ್ನ ತಮ್ಮ ಓಂಪ್ರಕಾಶ ಎಣಿಸಿದಾಗ ಮಾತ್ರ ಇನ್ನೂರೂ ತುಂಬುವುದಿಲ್ಲ. ಅವನಿಗೆ ಮೊದಲಿನಿಂದಲೂ ಲೆಕ್ಕ ಹತ್ತುವುದಿಲ್ಲ. ತೊಗರಿ ಕೊಯ್ದ ಮೇಲೆ ಹಿಂಡು ಔರಾದದ ಕಡೆಯ ಹೊಲಗಳಿಗೆ ಹೊರಡುತ್ತದೆ, ಮುಂದೆ ನಾನು, ಹಿಂದೆ ಓಂಪ್ರಕಾಶ. ಹಿಂಡು ಹೊರಟು ನಾನು ಮನೆಯಲ್ಲಿ ಕೂತ ವರ್ಷ ಒಂದೂ ಇಲ್ಲ. ಆದರೆ ಡಾಕ್ಟರ್ ಸಾನಿಕಾ, ಎದೆ ಒಂದಿಷ್ಟು ಸುಧಾರಿಸದ ಹೊರತು ಔರಾದದ ಹೆಸರೆತ್ತಬೇಡಿ ಎಂದುಬಿಟ್ಟರು.

"ಸುಧಾರಿಸೋದು ಅಂದ್ರ ಹ್ಯಾಂಗರಿ?" ಎಂದೆ.

"ಕಾಕಾ, ಎದಿ ಸ್ನಾಯುದಾಗ ಕಣ್ಣಿಗೆ ಕಾಣದಂಥ ಎಳಿ ಇರ್ತಾವ. ಬಾವಿಯಿಂದ ನೀರು ಸೇದುವಾಗ ಕೈ ಬದಲಿಸ್ಕೋತ ಹಗ್ಗ ಎಳೀತೀರಲ್ಲ, ಹಂಗ ಒಂದು ಎಳಿ ಇನ್ನೊಂದನ್ನ ಹಿಡಿದು ಎಳೀತದ. ಕ್ಯಾಲ್ಸಿಯಂ ಬಂದಾಗ ಹಿಡೀತಾವ, ಅದು ಸರಿದಾಗ ಬಿಡ್ತಾವ. ಎಷ್ಟು ಕ್ಯಾಲ್ಸಿಯಂ ಬಂತೋ ಅಷ್ಟು ಬಿಗಿ. ಆದ್ರ ಪೂರಾ ಬಿಟ್ರನೇ ಮುಂದಿನ ಬಡಿತಕ್ಕ ರಕ್ತ ತುಂಬೋದು."

"ಹಂಗಿದ್ರ ಬಿಗಿಯಾಗೋ ಗುಳಿಗಿ ಕೊಡ್ರಿ. ನೀವು ಚೀಟಿಯಾಗ ಬರದಿದ್ದು ಎದಿ ಬಡಿತ ಮಂದ ಮಾಡ್ತದ ಅಂತ ನೀವೇ ಅಂದ್ರಿ."

"ಎದಿ ಸೋತಾಗ ಮೈ ಗಾಬರಿಯಾಗಿ ಅದರ ಹಿಂದ ನಾಯಿ ಬಿಡ್ತದ ಕಾಕಾ. ಅಡ್ರಿನಲಿನ್ ಅಂತಾರ ಅದಕ್ಕ. ನಾಯಿ ಬೆನ್ನ ಹತ್ತಿದ್ರ ಕುರಿ ಓಡ್ತದೋ ಇಲ್ಲೋ?"

"ಗಾಳಿ ಆಗ್ತದರಿ!"

"ದಿನಾ ಬೆನ್ನ ಹತ್ತಿದ್ರ?"

ನಾನು ಛಾವಣಿಯ ಫ್ಯಾನನ್ನು ಪರೀಕ್ಷಿಸತೊಡಗಿದೆ.

"ಈ ಗುಳಿಗಿ ಆ ನಾಯಿನ್ನ ಕಟ್ಟಿ ಹಾಕ್ತದ. ಮೊದಲ ಸುಸ್ತು ಅನಿಸ್ತದ, ತಡಕೋರಿ. ತಿಂಗಳು ಕಳದಂಗ ಎದಿಗೆ ತನ್ನ ಬಲ ತಿರುಗಿ ಬರ್ತದ. ಮತ್ತ ಉಪ್ಪು ಕಡಿಮಿ ಮಾಡ್ರಿ."

ಉಪ್ಪು! ಇಲ್ಲಿ ನಾನು ಡಾಕ್ಟರರಿಗೆ ಪಾಠ ಹೇಳಬೇಕಾಯಿತು. ಒಮ್ಮೆ ಟಗರು ಕಡಿದಾಗ ಅದರ ಬಿಸಿ ಗುಂಡಿಗೆಗೆ ನಾನೇ ಉಪ್ಪು ಉದುರಿಸಿದ್ದೆ. ಅದು ತಾಟಿನಿಂದ ಜಿಗಿದು, ಗೋಡೆ ಹಾರಿ, ಭಾಲ್ಕಿ ಬಸ್ಸಿನ ಕಿಟಕಿಯೊಳಗೆ ಬಿತ್ತು. ಸತ್ತ ಟಗರಿನ ಗುಂಡಿಗೆಯನ್ನೇ ಕುಣಿಸುವ ಉಪ್ಪು ಬದುಕಿದವನ ಗುಂಡಿಗೆಗೆ ಬೇಡವೇ?

"ಕಂಡಕ್ಟರ್ ಟಿಕೀಟು ಕೊಟ್ಟನೇನ್ರಿ?" ಎಂದು ಡಾಕ್ಟರ್ ನಕ್ಕರು. ಆಮೇಲೆ ನಗು ಬಿಟ್ಟು, "ಹಸಿ ಮಾಂಸದಾಗ ಉಳಿದಿದ್ದ ಕಸುವು ಉಪ್ಪು ಬಿದ್ದಾಗ ಒಮ್ಮಿಗೇ ಖರ್ಚಾಗಿ ಅದುರತದ, ಅಷ್ಟ. ನಿಮ್ಮ ಮೈಯಾಗ ಉಪ್ಪು ನೀರು ಹಿಡೀತದ. ಆ ನೀರೆಲ್ಲ ಸೋತ ಎದಿನೇ ಹೊರಬೇಕು" ಎಂದರು.

ಪುತಳಾಬಾಯಿ ಅಂದಿನಿಂದ ಸಪ್ಪೆ ಅಡುಗೆ ಹಿಡಿದಳು. ನಾನು ಒಂದು ಮಾತೂ ಆಡದೆ ಉಂಡೆ. ಅಂಥ ವೈರಾಗ್ಯ ಹಿಮಾಲಯದ ಸಾಧುಗಳಲ್ಲೂ ಇಲ್ಲ. ಕೂತರೆ ಮಾತ್ರ ಕೂರಲಾಗುತ್ತಿರಲಿಲ್ಲ. ಹೊರಸನ್ನು ಬಿಸಿಲಿಗೆ ಎಳೆದೆ, ನೆರಳಿಗೆ ಎಳೆದೆ. ಬಾಗಿಲಿಗೆ ಹೋದೆ, ಬಂದೆ. ಓಂಪ್ರಕಾಶ ಕುರಿಗಳ ಕಾಲು ನೋಡುವುದು, ಗೊರಸು ಕೆತ್ತುವುದು, ರಾತ್ರಿ ಕುರಿ ಕೂಡಿಹಾಕುವ ಬಲೆ ಮಡಚುವುದು, ಎಲ್ಲ ನನ್ನ ಕಣ್ಣೆದುರೇ, ನನ್ನನ್ನು ಕೇಳದೇ. ಹೋಗಿ ಬಯ್ದೆ. ಬಯ್ಯುವಷ್ಟರಲ್ಲಿ ಉಸಿರು ಹತ್ತಿತು. ಸಿಟ್ಟಿಗೆ ಹತ್ತಿದ್ದು, ಬೇರೇನಲ್ಲ.

ಮತ್ತೆ ತೋರಿಸುವ ದಿನ ಒಬ್ಬನೇ ಬೀದರಕ್ಕೆ ಹೋದೆ. ಆಸ್ಪತ್ರೆಗೆ ಮೊದಲು ಗಾಂಧಿ ಗಂಜದ ಕಾಳಿನ ಪೇಟೆಗೆ ಹೋಗಿ, ಹಮಾಲರ ಪೈಕಿ ನನ್ನ ಹಳೆಯ ದೋಸ್ತ ಮುನೀರೋದ್ದೀನನ ತಕ್ಕಡಿ ಹತ್ತಿ ನಿಂತೆ. ಕಳೆದ ಸಲಕ್ಕಿಂತ ನಾಲ್ಕು ಕಿಲೋ ಜಾಸ್ತಿ.

"ನೋಡಪಾ, ಶಕ್ತಿ!" ಎಂದೆ.

"ತೊಗರಿ ಹಸಿ ಇದ್ರೂ ತೂಕ ಏರ್ತದೋ ಯಪ್ಪಾ," ಎಂದ ಅವನು. "ನಿನ್ನ ಅಂಗಳದಾಗ ಹರವಿ ಒಣಗಿಸಬೇಕು. ಇಳಿ ಇಳಿ, ತಕ್ಕಡಿ ತೊಯ್ತದ."

ಅವನಿಗೆ ಹೊಟ್ಟೆಕಿಚ್ಚು. ಆದರೆ ಡಾಕ್ಟರ್ ಸಾನಿಕಾ ನನ್ನ ಕಣಕಾಲನ್ನು ಹೆಬ್ಬೆರಳಿನಿಂದ ಒತ್ತಿದಾಗ ಅಲ್ಲಿ ಒಂದು ಗುಣಿ ಬಿತ್ತು, ಬೆರಳು ತೆಗೆದರೂ ತುಂಬಲಿಲ್ಲ.

"ಉಪ್ಪು ತಿಂದಿರೇನು?"

"ಹಿಂಡಿನ ಆಣಿರಿ."

"ಹಂಗಿದ್ರ ಚಿಂತಿ ಮಾತು. ಉಪ್ಪು ತಿನ್ನದೇನೇ ಇಷ್ಟು ನೀರು ತುಂಬ್ಯಾದಂದ್ರ ಎದಿ ಇನ್ನೂ ಸೋಲಲತ್ತದ. ಈ ವಾರ ನೀರು ಹೋಗೋ ಗುಳಿಗಿ ಜಾಸ್ತಿ ಮಾಡ್ತೇನಿ. ಇಳೀಲಿಲ್ಲಂದ್ರ ಆಸ್ಪತ್ರ್ಯಾಗೇ ಇಟ್ಕೋಬೇಕಾಗ್ತದ. ಔರಾದ ಮರತುಬಿಡ್ರಿ."

ಊರಿಗೆ ಬಂದು ಇದನ್ನು ಸ್ವಲ್ಪ ತಿದ್ದಿ ಹೇಳಿದೆ. "ಡಾಕ್ಟರು ನನ್ನ ಎದಿ ನೋಡಿ ಕುರ್ಚಿಯಿಂದ ಎದ್ದು ನಿಂತ್ರು. ಔರಾದ ಏನು, ದಿಲ್ಲಿಗೇ ನಡಕೋತ ಹೋಗು ಅಂದ್ರು."

ಪುತಳಾಬಾಯಿ ನನ್ನ ಮುಖವನ್ನೇ ನೋಡಿದಳು. "ಖರೇನು?"

"ನಾಲ್ಕು ಕಿಲೋ ಶಕ್ತಿ ಏರ್ಯಾದ. ಗಂಜದಾಗ ಕೇಳು."

ಹಿಂಡು ಹೊರಡುವ ದಿನ ಕಂಬಳಿ ಹೊದ್ದು, ಕೋಲು ಹಿಡಿದು ಮುಂದೆ ಹೋಗಿ ನಿಂತೆ. ಓಂಪ್ರಕಾಶ ಹಿಂದಿನಿಂದ "ಹುರ್ರ್" ಎಂದ. ಮುಂದಾಳು ಟಗರು ಹೆಜ್ಜೆಯಿಟ್ಟಿತು, ರಸ್ತೆಯ ಕಡೆಗಲ್ಲ, ನನ್ನ ಕಡೆಗೆ. ಬಂದದ್ದೇ ನನ್ನ ಅಂಗಿಯ ಕಿಸೆಗೆ ಮೂತಿ ಹಾಕಿ ನೆಕ್ಕತೊಡಗಿತು. ಅದರ ಹಿಂದೆ ಇನ್ನೊಂದು, ಮತ್ತೊಂದು. ಇಡೀ ಹಿಂಡು ನನ್ನ ಸುತ್ತ ಗುಂಪುಗೂಡಿ ನೂಕಾಡಿತು.

"ಅಣ್ಣಾ, ಯಾಕ ನಿನ್ನ ನೆಕ್ಕಲತ್ತಾವ?"

"ಪ್ರೀತಿಪಾ! ಮೂಕ ಪ್ರಾಣಿಗೂ ಗೊತ್ತು, ಧಣಿ ಯಾರಂತ."

"ನಾನೂ ಧಣಿನೇ. ನನ್ನ ಯಾವತ್ತೂ ನೆಕ್ಕಿಲ್ಲ."

ಟಗರು ಕಿಸೆಯನ್ನು ಕಚ್ಚಿ ಜಗ್ಗಿತು. ಹೊಲಿಗೆ ಬಿಟ್ಟು, ಕುರಿಗಳಿಗೆಂದು ಚೀಲದಲ್ಲಿ ತಂದಿಟ್ಟಿದ್ದ ಕಲ್ಲುಪ್ಪಿನಿಂದ ನಾನು ಎತ್ತಿಕೊಂಡಿದ್ದ ಹರಳುಗಳು ಮಣ್ಣಿಗೆ ಉದುರಿದವು. ಕುರಿಗಳು ನನ್ನನ್ನು ಬಿಟ್ಟು ಅವುಗಳ ಮೇಲೆ ಬಿದ್ದವು.

ಯಾರೂ ನಗಲಿಲ್ಲ. ನಕ್ಕಿದ್ದರೆ ನಾನೊಂದು ಕತೆ ಕಟ್ಟುತ್ತಿದ್ದೆ. ಪುತಳಾಬಾಯಿ ಬಂದು ನೆಲಕ್ಕೆ ಕೂತಳು, ನನ್ನ ಧೋತ್ರ ಸರಿಸಿ ಕಣಕಾಲನ್ನು ಒತ್ತಿ ಆ ಗುಣಿಯನ್ನೇ ನೋಡುತ್ತ ಉಳಿದಳು.

"ಬಾಯಿಗೆ ರುಚಿ ಬೇಕಂತ ತಿಂದ್ಯಾ?" ಎಂದಳು.

"ರುಚಿಗಲ್ಲ."

"ಮತ್ತ?"

ಬಾಯಿಗೆ ಎಂಟು ಹತ್ತು ಸುಳ್ಳು ಬಂದವು, ಒಂದಕ್ಕಿಂತ ಒಂದು ಚೆಂದ. ಒಂದನ್ನೂ ಹೇಳುವಷ್ಟು ಉಸಿರು ಇರಲಿಲ್ಲ.

"ಆ ಗುಳಿಗಿ ತಗೊಂಡ ಮ್ಯಾಲ ಎದಿ ಬಡಿಯೋದು ಕೇಳವಲ್ತು, ಪುತಳಾ. ಮೊದಲ ಧಡಧಡ ಅಂತಿತ್ತು. ಅದು ಅಂದ್ರ ನಾ ಇದ್ದೀನಿ ಅಂತ ಧೈರ್ಯ. ಈಗ ಸುಮ್ಮ ಆಗ್ಯಾದ. ನಿಂತೇ ಹೋಗ್ತದೇನೋ ಅಂತ ಅಂಜಿಕಿ ಆತು. ಉಪ್ಪು ಬಿದ್ರ ಕುಣೀತದಂತ ದಿನಾ ಒಂದೊಂದು ಹರಳು ಚೀಪಿದೆ."

"ಟಗರಿಂದು ಕುಣಿದಿತ್ತಲ್ಲ," ಎಂದ ಓಂಪ್ರಕಾಶ ಮೆಲ್ಲಗೆ.

"ಅದು ಗುಂಡಿಗಿ ಅಲ್ಲೋ. ತೊಡಿ ತುಂಡು. ತಾಟಿನಾಗೇ ಸ್ವಲ್ಪ ಅದುರಿತ್ತು, ಅಷ್ಟ."

"ಡಾಕ್ಟರು ಏನಂದ್ರು, ಖರೇ ಹೇಳು," ಎಂದಳು ಪುತಳಾಬಾಯಿ.

"ಹೋಗಬ್ಯಾಡ ಅಂದ್ರು. ನೀರು ಇಳೀಲಿಲ್ಲಂದ್ರ ಆಸ್ಪತ್ರ್ಯಾಗ ಇಟ್ಕೋತೇನಿ ಅಂದ್ರು. ಹಿಂಡಿನ ಆಣಿ ಮಾಡಿ ಅವರಿಗೂ ಸುಳ್ಳೇ ಹೇಳೇನಿ. ಅವರು ಗುಳಿಗಿ ಜಾಸ್ತಿ ಬರದಾರ." ಕೋಲನ್ನು ಓಂಪ್ರಕಾಶನ ಕೈಗಿಟ್ಟೆ. "ನೀ ನಡಿ. ನಂಗ ಬೇವಿನ ಗಿಡದ ತನಕ ಹೋದ್ರೂ ನಿಂತು ಉಸಿರು ತಗೋಬೇಕಾಗ್ತದ. ಔರಾದ ನನ್ನ ಕೈಲೆ ಆಗಂಗಿಲ್ಲ. ಇವತ್ತೇ ಬೀದರಕ್ಕ ಹೋಗಿ ಉಪ್ಪಿಂದು ಹೇಳ್ತೇನಿ."

"ನೀ ಹೇಳ್ತಿ?" ಎಂದಳು ಪುತಳಾಬಾಯಿ, ಏಳುತ್ತ. "ನಾ ಬರ್ತೇನಿ."