ಭಾನುವಾರದ ಹೆಂಟೆ

"ಸೋಮವಾರ ನಿಮ್ಮ ಗೋರಿ ತೆಗೀಬೇಕಂತೆ ಅಮ್ಮಾ" ಎಂದು ಗೋರಿ ತೋಡುವ ಡೆಕ್ಲನ್ ಹಿತ್ತಲ ಬಾಗಿಲಲ್ಲೇ ನಿಂತು ಹೇಳಿದ. ಟೋಪಿ ಕೈಯಲ್ಲಿತ್ತು. ಬೂಟಿಗೆ ಮಣ್ಣು ಮೆತ್ತಿದ್ದರಿಂದ ಒಳಗೆ ಬರಲಿಲ್ಲ.

ನೋರಾ ಟೋಬಿನ್ ಬ್ರೆಡ್ಡಿನ ಹಿಟ್ಟಿನ ಮೇಲೆ ಚಾಕುವಿನಿಂದ ಶಿಲುಬೆ ಗೆರೆ ಎಳೆಯುತ್ತಿದ್ದಳು. ಅರ್ಧಕ್ಕೇ ಕೈ ನಿಂತಿತು.

"ಯಾರ ಗೋರಿ?"

"ಟೋಬಿನ್ನರದ್ದೇ. ಮಾರ್ಟಿನ್ ಅವರನ್ನ ಇಟ್ಟಿದೀವಲ್ಲ, ಅದು."

"ಹಾಗಂತ ಯಾರು ಹೇಳಿದ್ದು?"

"ಪೆಗ್ ಮನೇಲಿ ಇಳ್ಕೊಂಡಿದಾರಲ್ಲ, ನ್ಯೂಫೌಂಡ್‌ಲ್ಯಾಂಡಿನೋರು, ಅವರು. ಮಂಗಳವಾರ ಹೊರಡ್ತಾರಂತೆ, ಸೋಮವಾರವೇ ಆಗ್ಬೇಕಂತೆ. ಯಾರಿಗೆ ಅಂತ ಕೇಳಿದ್ರೆ ನಮ್ಮ ತಾತನಿಗೆ ಅಂತಾರೆ. ತಾತ ಸತ್ತು ಐವತ್ತು ವರ್ಷ ಆಯ್ತು ಅಂತಾನೂ ಅವರೇ ಹೇಳ್ತಾರೆ."

"ಸೋಮವಾರ ಯಾರಾದ್ರೂ ಗೋರಿಗೆ ಗುದ್ದಲಿ ಹಾಕ್ತಾರೇನಪ್ಪ?"

"ನಾನೂ ಅದನ್ನೇ ಅಂದೆ. ನಕ್ಕುಬಿಟ್ರು. ನಮ್ಮ ಕಡೆ ವಾರ ನೋಡಲ್ಲ, ನೆಲ ಹೆಪ್ಪುಗಟ್ಟಿದೆಯಾ ಇಲ್ವಾ ಅಂತ ನೋಡ್ತೀವಿ ಅಷ್ಟೇ ಅಂದ್ರು." ಡೆಕ್ಲನ್ ಟೋಪಿಯನ್ನು ಒಂದು ಸುತ್ತು ತಿರುಗಿಸಿದ. "ಸೋಮವಾರ ತೆಗೆದ ಗೋರಿ ಆ ಮನೆಯಿಂದ ಇನ್ನೊಬ್ಬರನ್ನ ಕೇಳುತ್ತೆ. ಅದು ಅವರಿಗೆ ಗೊತ್ತಿಲ್ಲ. ನೀವು ಬೇಕು ಅಂದ್ರೆ ಭಾನುವಾರವೇ ಮನೆಯೋರು ಒಬ್ರು ಹೋಗಿ ಹುಲ್ಲುಸಮೇತ ಒಂದು ಹೆಂಟೆ ಮಣ್ಣು ಎತ್ತಿಡಬೇಕು. ಆಗ ಕೆಲಸ ಭಾನುವಾರವೇ ಶುರುವಾದ ಲೆಕ್ಕ, ದೋಷ ಇಲ್ಲ. ಬೇಡ ಅಂದ್ರೆ ನಾನು ಆ ಕಡೆ ತಲೆ ಹಾಕಲ್ಲ."

"ಬೇಡ" ಎಂದಳು ನೋರಾ, ಮತ್ತು ಶಿಲುಬೆಯ ಅಡ್ಡಗೆರೆಯನ್ನು ಎಳೆದು ಮುಗಿಸಿದಳು.

ಲೆಂಟಿನ ಉಪವಾಸದ ದಿನಗಳಲ್ಲಿ ಅವಳ ಗಂಡ ಮಾರ್ಟಿನ್ ತೀರಿಕೊಂಡಿದ್ದ. ಮಣ್ಣು ಮುಚ್ಚಿದ ಮೇಲೆ ಇದೇ ಡೆಕ್ಲನ್ ಅವಳ ಕಿವಿಯ ಹತ್ತಿರ ಬಗ್ಗಿ, "ಇನ್ನೊಬ್ಬರಿಗೆ ಜಾಗ ಇದೆ ಅಮ್ಮಾ, ಅಲ್ಲಿಗೆ ತುಂಬಿತು" ಎಂದಿದ್ದ. ಆ ದಿನ ಫಾದರ್ ಹೇಳಿದ ಸಮಾಧಾನದ ಮಾತುಗಳೆಲ್ಲ ಅವಳಿಗೆ ಮರೆತುಹೋಗಿದ್ದವು. ಇದೊಂದು ಮರೆತಿರಲಿಲ್ಲ. ವಾಟರ್‌ಫರ್ಡ್ ಸೀಮೆಯಲ್ಲಿ ಮಕ್ಕಳಿಲ್ಲದ ಹೆಂಗಸನ್ನು ಅವಳ ತವರಿನವರ ಗೋರಿಗೇ ಒಯ್ಯುವುದು ಹಿಂದಿನಿಂದ ಬಂದ ರೂಢಿ. ನೋರಾಳ ತವರಿನವರ ಗೋರಿ ಬೆಟ್ಟದ ಮೇಲಿನ ಚರ್ಚಿನ ಅಂಗಳದಲ್ಲಿತ್ತು. ಅಲ್ಲಿ ಕುರಿಗಳು ಗೋಡೆ ಹಾರಿ ಗೋರಿಗಳ ಮೇಲೆ ಮಲಗುತ್ತವೆ. "ನಿನ್ನನ್ನ ಆ ಕುರಿಗಳ ಹತ್ರ ಕಳಿಸಲ್ಲ, ನನ್ನ ಪಕ್ಕದಲ್ಲೇ ಇರು" ಎಂದು ಮಾರ್ಟಿನ್ ಮಾತು ಕೊಟ್ಟಿದ್ದ. ಆದರೆ ಮಾತು ಕೊಟ್ಟವನು ಈಗ ಮಣ್ಣಿನ ಕೆಳಗಿದ್ದ. ರಕ್ತಸಂಬಂಧ ಎಂದು ಹೇಳಿಕೊಂಡು ಟೋಬಿನ್ ಯಾವನಾದರೂ ಬಂದರೆ, ಆ ಕೊನೆಯ ಜಾಗದ ಮುಂದೆ ಅವಳು ಬರಿಯ ಸೊಸೆ.

ಬಂದವನ ಹೆಸರು ಆಂಬ್ರೋಸ್ ಟೋಬಿನ್. ದೋಣಿ ಕಟ್ಟುವ ಬಡಗಿ, ಅರವತ್ತು ದಾಟಿದವನು. ಗುರುವಾರ ನೋರಾಳ ಅಂಗಡಿಗೆ ಬಂದು, ಹಗ್ಗ ಸೀಮೆಎಣ್ಣೆಗಳ ನಡುವೆ ನಿಂತು, ತಾನು ಗ್ಯಾರೆಟ್ ಟೋಬಿನ್ನನ ಮರಿಮಗ ಎಂದಿದ್ದ. ಗ್ಯಾರೆಟ್ ಆ ಬಂದರಿನ ದೊಡ್ಡ ವ್ಯಾಪಾರಿ. ಅವನ ಹಡಗುಗಳು ಇಲ್ಲಿಂದ ಬೆಣ್ಣೆ, ಉಪ್ಪು ಹಾಕಿದ ಹಂದಿಮಾಂಸ ಹೊತ್ತು ನ್ಯೂಫೌಂಡ್‌ಲ್ಯಾಂಡಿಗೆ ಹೋಗಿ ಒಣಮೀನು ತುಂಬಿಕೊಂಡು ಬರುತ್ತಿದ್ದವು. ದಂಡೆಯ ಉದ್ದಕ್ಕೂ ಅವನ ಉಗ್ರಾಣಗಳಿದ್ದವಂತೆ. ಮಕ್ಕಳ ಕಾಲಕ್ಕೆ ಹಡಗು ಹೋದವು, ಮೊಮ್ಮಕ್ಕಳ ಕಾಲಕ್ಕೆ ಉಗ್ರಾಣ ಹೋದವು, ಮಾರ್ಟಿನ್ನನ ಪಾಲಿಗೆ ಈ ಅಂಗಡಿ, ಮೇಲಿನ ಎರಡು ಕೋಣೆ, ಆ ಗೋರಿ, ಇಷ್ಟು ಉಳಿದಿತ್ತು.

ಆಂಬ್ರೋಸ್ ಟೀ ಕುಡಿದ. ಬೇಡವೆನ್ನದೆ ಎರಡನೆಯ ಬಟ್ಟಲನ್ನೂ ಕುಡಿದ. ಮಾತಿನ ನಡುವೆ ಎದ್ದು ಹೋಗಿ ಮೆಟ್ಟಿಲಿನ ಮರವನ್ನು ಬೆರಳ ಗೆಣ್ಣಿನಿಂದ ಕುಟ್ಟಿ, "ಇದು ನಮ್ಮ ಕಡೆ ಮರ" ಎಂದ. ನೋರಾ ಆ ಮಾತನ್ನು ಇಡೀ ದಿನ ಮನಸ್ಸಿನಲ್ಲಿ ತಿರುಗಿಸಿದಳು. ಬಡಗಿ ಮರ ಕುಟ್ಟುತ್ತಾನೆ, ಸಹಜ. ಬೆಲೆ ಕಟ್ಟುವವನೂ ಕುಟ್ಟುತ್ತಾನೆ.

ಡೆಕ್ಲನ್ ಹೋದ ಮೇಲೆ ಪೆಗ್ ಹಾರ್ನಿ ಬಂದಳು. ಮಗ್ಗುಲ ಬೀದಿಯಲ್ಲಿ ಬಾಡಿಗೆಗೆ ಕೋಣೆ ಕೊಡುವವಳು, ನೋರಾಳ ಹಳೆಯ ಗೆಳತಿ. ಕೊಟ್ಟ ಕೋಣೆಯೊಳಗಿನದನ್ನೆಲ್ಲ ನೋಡುವುದು ತನ್ನ ಹಕ್ಕು ಎಂದು ನಂಬಿದವಳು.

"ಅವನ ಪೆಟ್ಟಿಗೇಲಿ ಒಂದು ಹೊಗೆಸೊಪ್ಪಿನ ಡಬ್ಬಿ ಇದೆ ಕಣೇ" ಎಂದಳು ಕೂರುತ್ತಲೇ. "ಮುಚ್ಚಳಕ್ಕೆ ಮೇಣ ಹಾಕಿದಾನೆ. ಅಲ್ಲಾಡಿಸಿ ನೋಡ್ದೆ, ಹೊಗೆಸೊಪ್ಪಲ್ಲ. ಮಣ್ಣು."

"ಅಲ್ಲಾಡಿಸಿದ್ರೆ ಮಣ್ಣು ಅಂತ ಗೊತ್ತಾಗುತ್ತಾ?"

"ಮೇಣ ಸ್ವಲ್ಪ ಬಿಟ್ಟಿತ್ತು" ಎಂದಳು ಪೆಗ್, ನಾಚಿಕೆಯಿಲ್ಲದೆ. "ತಾತನ ಗೋರಿ ಮಣ್ಣೇ ಇರ್ಬೇಕು. ನೋಡು ನೋರಾ, ನಾನು ನಾಲ್ಕು ಜನ ಭಾವಮೈದುನರ ಜೊತೆ ಬಾಳಿದೋಳು. ಮೊದಲು ಮಣ್ಣು ಬರುತ್ತೆ. ಆಮೇಲೆ ಕಲ್ಲಿನ ಮೇಲೆ ಹೆಸರು ಬರುತ್ತೆ. ಆಮೇಲೆ ಮನುಷ್ಯನೇ ಪೆಟ್ಟಿಗೇಲಿ ಬರ್ತಾನೆ. ಆಗ ನೀನು ಬೆಟ್ಟದ ಮೇಲೆ, ಕುರಿ ಜೊತೆ."

"ತಾತನ ಹೆಸರೇನಂತೆ?"

"ವಾಲ್ಟರ್. ಗ್ಯಾರೆಟ್‌ನ ಮಗ ಅಂತೆ. ಯಾರೋ ಪೀಪಾಯಿ ಮಾಡೋನ ಮಗಳನ್ನ ಕಟ್ಕೊಂಡ ಅಂತ ಅಪ್ಪ ಹೊರಗೆ ಹಾಕಿದ್ನಂತೆ. ಆಮೇಲೆ ಮನೇಲಿ ಅವನ ಹೆಸರೇ ಎತ್ತಲಿಲ್ವಂತೆ. ಕ್ಷಾಮ ಮುಗಿಯೋ ಹೊತ್ತಿಗೆ, ಹದಿನೆಂಟು ವರ್ಷಕ್ಕೇ ಹಡಗು ಹತ್ತಿದ್ನಂತೆ."

ನೋರಾ ಒಲೆಯ ಕಡೆಗೆ ತಿರುಗಿದಳು. ಮುಖದಲ್ಲಿ ಬಹಳ ದಿನದ ಮೇಲೆ ನಗುವಿನಂಥದ್ದು ಏನೋ ಸುಳಿಯಿತು. ಮಾರ್ಟಿನ್ನನ ಹೆಸರು ಕೆತ್ತಿಸುವುದಕ್ಕೆಂದು ಆ ಕಲ್ಲನ್ನು ಅವಳು ಕಳೆದ ತಿಂಗಳು ಬ್ರಷ್ಷು ಹಿಡಿದು ತಿಕ್ಕಿದ್ದಳು. ವಾಲ್ಟರ್ ಎಲ್ಲಿದ್ದಾನೆಂದು ಅವಳಿಗೆ ಗೊತ್ತಿತ್ತು.

ಭಾನುವಾರ ಚರ್ಚಿನಲ್ಲಿ ಬಲಿಪೂಜೆ ಮುಗಿದ ಮೇಲೆ ಅವಳೇ ಅವನನ್ನು ಕರೆದಳು. "ಬನ್ನಿ, ನಿಮ್ಮೋರನ್ನ ತೋರಿಸ್ತೀನಿ." ಪೆಗ್ ಕರೆಯದೆಯೇ ಹಿಂದೆ ಬಂದಳು.

ಆಂಬ್ರೋಸ್ ಟೋಪಿ ತೆಗೆದು ಕಲ್ಲಿನ ಮುಂದೆ ನಿಂತ. ಕೋಟಿನ ಜೇಬಿನಿಂದ ಆ ಡಬ್ಬಿಯನ್ನು ತೆಗೆದು ಎರಡೂ ಕೈಯಲ್ಲಿ ಹಿಡಿದುಕೊಂಡ. "ಇದನ್ನ ಹೂಳೋದಿತ್ತು ಅಮ್ಮಾ. ಡೆಕ್ಲನ್ ಬೇಜಾರು ಮಾಡ್ಕೊಂಡ್ರು ಅಂತ ಕಾಣುತ್ತೆ. ಮೊದಲು ನಿಮ್ಮನ್ನೇ ಕೇಳ್ಬೇಕಿತ್ತು. ತಾತ ಸಾಯೋವಾಗ ನಾನು ಹುಡುಗ, ಹತ್ರವೇ ಇದ್ದೆ. ನನ್ನನ್ನ ಅಪ್ಪನ ಕಾಲ ಹತ್ರ ಹಾಕ್ರೋ ಅಂತ ಒಂದೇ ಸಮ ಹೇಳ್ತಿದ್ರು. ಯಾರು ಹಾಕ್ತಾರೆ, ನಡುವೆ ಇಡೀ ಸಮುದ್ರ."

"ಕಲ್ಲು ಓದಿ" ಎಂದಳು ನೋರಾ.

ಅವನು ಕನ್ನಡಕ ಹಾಕಿಕೊಂಡು ಬಗ್ಗಿದ. ಗ್ಯಾರೆಟ್, ಅವನ ಹೆಂಡತಿ, ಆಮೇಲೆ ತೀರಿಕೊಂಡ ಮಕ್ಕಳು. ಅವಳ ಬೆರಳು ಹೋಗಿ ನಾಲ್ಕನೆಯ ಸಾಲಿನ ಕೆಳಗೆ ನಿಂತಿತು.

"ಜೋರಾಗಿ ಓದಿ. ನನ್ನ ಕಣ್ಣು ಸರಿಯಿಲ್ಲ."

"ಅವರ ಮಗ ವಾಲ್ಟರ್" ಎಂದು ಆಂಬ್ರೋಸ್ ಓದಿದ. "ಎರಡನೆಯ ವಯಸ್ಸಿನಲ್ಲಿ ದೇವರ ಪಾದ ಸೇರಿದ."

ಅವನು ಮತ್ತೆ ಓದಿದ, ಈ ಸಲ ಮನಸ್ಸಿನಲ್ಲೇ, ತುಟಿ ಮಾತ್ರ ಅಲ್ಲಾಡಿತು.

"ಎರಡು ವರ್ಷದ ಮಗು ಹಡಗು ಹತ್ತೋದಿಲ್ಲ" ಎಂದಳು ಪೆಗ್. "ಮದುವೇನೂ ಆಗೋದಿಲ್ಲ."

"ತಾತ ಸುಳ್ಳು ಹೇಳಿರಬಹುದು" ಎಂದ ಅವನು ನಿಧಾನವಾಗಿ. "ಹೇಳ್ತಿದ್ರು. ಮೀನಿನ ವಿಷಯದಲ್ಲಿ ಎಲ್ಲಾರೂ ಹೇಳ್ತಾರೆ. ಆದರೆ ಸಾಯೋವಾಗ…" ಅಲ್ಲಿಗೆ ಬಿಟ್ಟ. ಡಬ್ಬಿಯನ್ನು ಜೇಬಿಗೆ ಹಾಕಿಕೊಂಡ. ಒಂದೇ ಸಲಕ್ಕೆ ಒಳಗೆ ಹೋಗಲಿಲ್ಲ, ಜೇಬಿನ ಅಂಚಿಗೆ ತಡೆಯಿತು. "ಬೇರೆ ಯಾರೋ ಟೋಬಿನ್ ಇರ್ಬೇಕು. ನಿಮಗೆ ತೊಂದರೆ ಕೊಟ್ಟೆ. ದುಃಖದ ಮನೆಗೆ ಬಂದು ಹೀಗೆ ಮಾಡಬಾರದಿತ್ತು. ನಾಳೆ ಬೆಳಿಗ್ಗೆ ಬಸ್ಸಿಗೇ ಹೊರಟುಬಿಡ್ತೀನಿ."

ಅವನು ಮಾರ್ಟಿನ್ನನ ಹೊಸ ಮಣ್ಣಿನ ಮುಂದೆ ಶಿಲುಬೆ ಗುರುತು ಹಾಕಿಕೊಂಡು ಹೋದ. ಇದೂ ನಾಟಕವಿರಬಹುದೇ ಎಂದು ನೋರಾ ಬೆನ್ನನ್ನೇ ನೋಡುತ್ತ ನಿಂತಳು.

"ಗೆದ್ದೆ ಬಿಡು" ಎಂದಳು ಪೆಗ್. "ಮುಖ ನೋಡ್ದೆಯಾ, ಸೀದ ಬ್ರೆಡ್ಡಿನ ಹಾಗಾಗಿತ್ತು."

ಮಧ್ಯಾಹ್ನ ನೋರಾ ಹೊಟ್ಟೆ ತುಂಬ ಉಂಡಳು. ಮಾರ್ಟಿನ್ ಹೋದ ಮೇಲೆ ಹಾಗೆ ಉಂಡಿದ್ದು ಅದೇ ಮೊದಲು.

ಸಂಜೆ ಎಂದಿನಂತೆ ಕುರ್ಚಿಯ ಮುಂದೆ ಮೊಣಕಾಲೂರಿ ಜಪಮಾಲೆ ಹಿಡಿದಳು. ಎದುರಿನ ಕುರ್ಚಿ ಮಾರ್ಟಿನ್ನನದು. ನಮೋ ಮರಿಯಾ ಪ್ರಾರ್ಥನೆಯ ಮೊದಲರ್ಧ ಅವಳು, ಉಳಿದರ್ಧ ಅವನು, ನಲವತ್ತು ವರ್ಷ ಹಾಗೇ ನಡೆದಿತ್ತು. ಈಗ ಎರಡೂ ಅರ್ಧವನ್ನು ಅವಳೇ ಹೇಳಬೇಕು. ಉಸಿರು ಸಾಲದು. ಜಪ ಮುಗಿಸಿ ಸತ್ತವರ ಹೆಸರುಗಳಿಗೆ ಬಂದಳು. ಮಾರ್ಟಿನ್ನನ ಆತ್ಮಕ್ಕೆ. ಅವನ ತಾಯಿಗೆ. ನನ್ನ ಅಪ್ಪನಿಗೆ, ಅಮ್ಮನಿಗೆ. ಪುಟ್ಟ ನೋರಾಗೆ.

ದಿನವೂ ಹೇಳುವ ಹೆಸರು. ಹೇಳಿ ಮುಂದೆ ಹೋಗುತ್ತಿದ್ದಳು. ಆ ದಿನ ಹೋಗಲಾಗಲಿಲ್ಲ.

ಅಕ್ಷರ ಕಲಿತ ವರ್ಷ ಬೆಟ್ಟದ ಸಮಾಧಿಭೂಮಿಯಲ್ಲಿ ಒಂದು ಮರದ ಶಿಲುಬೆಯ ಮೇಲೆ ತನ್ನದೇ ಹೆಸರನ್ನು ಓದಿ ಅವಳು ಕಿರುಚಿಕೊಂಡಿದ್ದಳು. ಅಮ್ಮ ಮಡಿಲಿಗೆ ಅವಳ ಮುಖ ಒತ್ತಿಕೊಂಡು, "ಅದು ನೀನಲ್ಲ ಕಣೇ, ನಿನಗಿಂತ ಮುಂಚಿನೋಳು. ಜ್ವರ ಬಂದು ಹೋಗ್ಬಿಟ್ಟಳು. ಹೆಸರು ಖಾಲಿ ಬಿದ್ದಿತ್ತು, ನಿನಗೆ ಕೊಟ್ವಿ" ಎಂದಿದ್ದಳು. ಆ ಕಾಲದಲ್ಲಿ ಎಲ್ಲರ ಮನೆಯಲ್ಲೂ ಹಾಗೆಯೇ. ಅಜ್ಜನ ಹೆಸರನ್ನೋ ಅಜ್ಜಿಯ ಹೆಸರನ್ನೋ ಹೊತ್ತ ಮಗು ಸತ್ತರೆ, ಆ ಹೆಸರನ್ನು ಮಣ್ಣಿಗೆ ಬಿಡುತ್ತಿರಲಿಲ್ಲ. ಮುಂದೆ ಹುಟ್ಟಿದ ಮಗುವಿಗೆ ಇಡುತ್ತಿದ್ದರು.

ನೋರಾ ಎದ್ದು ಕುರ್ಚಿಯ ಮೇಲೆ ಕೂತಳು. ಇರಬಹುದು. ಇಲ್ಲದೆಯೂ ಇರಬಹುದು. ಮತ್ತೊಬ್ಬ ವಾಲ್ಟರ್ ಹುಟ್ಟಿದನೆಂದು ಹೇಳುವವರು ಯಾರಿದ್ದಾರೆ? ಕಲ್ಲು ಅವನನ್ನು ಹೇಳುವುದಿಲ್ಲ. ಹೊರಗೆ ಹಾಕಿದ ಮಗನನ್ನು ಯಾವ ಅಪ್ಪ ಕಲ್ಲಿನ ಮೇಲೆ ಕೆತ್ತಿಸುತ್ತಾನೆ? ಬೆಳಿಗ್ಗೆ ಬಸ್ಸು ಹೋಗುತ್ತದೆ. ತಾನು ಬಾಯಿ ಮುಚ್ಚಿಕೊಂಡರೆ ಸಾಕು, ಮಾರ್ಟಿನ್ನನ ಪಕ್ಕದ ಜಾಗ ಅಲುಗುವುದಿಲ್ಲ. ಮೊದಲು ಮಣ್ಣು, ಆಮೇಲೆ ಹೆಸರು, ಆಮೇಲೆ ಮನುಷ್ಯ. ಪೆಗ್ ಮೂರ್ಖಳಲ್ಲ. ಜಪಮಾಲೆ ಇನ್ನೂ ಬೆರಳಿನಲ್ಲಿತ್ತು. ಪುಟ್ಟ ನೋರಾಳಿಂದ ಮುಂದಿನ ಹೆಸರು ಯಾವುದೆಂದು ಎಷ್ಟು ಹುಡುಕಿದರೂ ಅವಳಿಗೆ ನೆನಪಾಗಲಿಲ್ಲ.

ಜೂನ್ ತಿಂಗಳು. ಊಟದ ಹೊತ್ತು ಕಳೆದರೂ ಬೆಳಕು ದಂಡೆಯ ಮೇಲೆ ಇನ್ನೂ ಹಾಗೇ ಇತ್ತು. ಮಾರ್ಟಿನ್ನನ ಸಲಿಕೆಯನ್ನು ಹಿತ್ತಲಿನಿಂದ ತೆಗೆದುಕೊಂಡು ಅವಳು ಬೀದಿಗೆ ಬಂದಳು. ಪೆಗ್ ಹೊಸ್ತಿಲಲ್ಲಿ ಗಾಳಿಗೆ ಕೂತಿದ್ದಳು.

"ಎಲ್ಲಿಗೇ, ಭಾನುವಾರ ಸಲಿಕೆ ಹೊತ್ಕೊಂಡು? ಜನ ನೋಡಿದ್ರೆ ಆಲೂಗಡ್ಡೆ ಕದಿಯೋಕೆ ಹೊರಟಿದಾಳೆ ಅಂತಾರೆ."

"ಅವರು ಏನ್ ಮಾಡ್ತಿದಾರೆ?"

"ಪೆಟ್ಟಿಗೆ ಕಟ್ಟಿ ಆಯ್ತು. ಮೇಲೆ ಕೂತಿದಾರೆ. ಊಟ ಬೇಡ ಅಂದ್ರು."

"ನಾಳೆ ಬಸ್ಸು ಹತ್ತಬೇಡಿ ಅಂತ ಹೇಳು."

"ಯಾಕೆ?"

"ನನಗೊಬ್ಬಳು ಅಕ್ಕ ಇದ್ದಳು ಅಂತ ಹೇಳು. ನಾನು ಹುಟ್ಟೋಕೆ ಮುಂಚೆ ಸತ್ತೋದ್ಲು ಅಂತ ಹೇಳು."

"ಅದನ್ನ ಕಟ್ಕೊಂಡು ಅವರಿಗೇನಾಗಬೇಕು? ಏನವಳ ಹೆಸರು?"

"ನೋರಾ."

ಪೆಗ್ ಸಲಿಕೆಯನ್ನು ನೋಡಿದಳು. ಆಮೇಲೆ ಗೋಡೆ ಹಿಡಿದು ಎದ್ದು, "ನಿನಗೆ ತಲೆ ಕೆಟ್ಟಿದೆ" ಎಂದು ಗೊಣಗುತ್ತ ಮೆಟ್ಟಿಲು ಹತ್ತಿದಳು.

ಸಮಾಧಿಭೂಮಿಯಲ್ಲಿ ಯಾರೂ ಇರಲಿಲ್ಲ. ಮಾರ್ಟಿನ್ನನ ಮೇಲಿನ ಮಣ್ಣು ಇನ್ನೂ ಉಬ್ಬಿಕೊಂಡೇ ಇತ್ತು. ಅದರ ಎಡಕ್ಕೆ ಹಳೆಯ ಹುಲ್ಲು. ಆ ಹುಲ್ಲು ತನ್ನದೆಂದು ಅವಳು ಅಂದುಕೊಂಡಿದ್ದಳು. ಗ್ಯಾರೆಟ್‌ನ ಕಾಲಿದ್ದ ಕಡೆಯೂ ಅದೇ. ಸಲಿಕೆಯನ್ನು ಊರಿ, ಅದರ ಮೇಲೆ ಬಲಗಾಲಿಟ್ಟು, ಮೈಭಾರವನ್ನೆಲ್ಲ ಬಿಟ್ಟಳು. ಬೇರು ಹರಿದ ಸದ್ದಾಯಿತು. ನಾಲ್ಕೂ ಕಡೆ ಕತ್ತರಿಸಿ, ಹೆಂಟೆಯನ್ನು ಎರಡು ಕೈಯಿಂದ ಎತ್ತಿ, ಹುಲ್ಲು ಮೇಲಾಗುವಂತೆ ಕಲ್ಲಿನ ನೆರಳಿಗೆ ಇಟ್ಟಳು. ಜೇಬಿನ ಸೀಸೆಯಿಂದ ತೀರ್ಥವನ್ನು ಅದರ ಬೇರಿಗೂ ಅಗೆದ ಜಾಗಕ್ಕೂ ಚಿಮುಕಿಸಿದಳು.

ನೆಲದಲ್ಲಿ ಬ್ರೆಡ್ಡಿನಷ್ಟು ಅಗಲದ ಕಪ್ಪು ಚೌಕ ತೆರೆದುಕೊಂಡಿತ್ತು. ನೋರಾ ಅದರ ಪಕ್ಕದಲ್ಲಿ ಮೊಣಕಾಲೂರಿದಳು. ಚೌಕದ ಅಂಚಿನಿಂದ ಆಚೆ ಮಾರ್ಟಿನ್ನನ ಮಣ್ಣಿನವರೆಗೆ ಉಳಿದ ಹುಲ್ಲಿನ ಮೇಲೆ ಗೇಣು ಹಾಕಿ ಅಳೆದು ನೋಡಿದಳು. ಕೈಯನ್ನು ಉಡುಪಿಗೆ ಒರೆಸಿಕೊಂಡು, ಇನ್ನೊಂದು ಸಲ ಅಳೆದಳು.