ಎದ್ದು ನಿಂತವರು ಒಬ್ಬರೇ

ನೂಲಿಗೆ ಒಂದು ಬೆಲೆ, ಬಣ್ಣಕ್ಕೆ ಒಂದು ಬೆಲೆ, ಮಗ್ಗದ ಮುಂದೆ ಕೂತ ಹೆಂಗಸಿನ ಕೂಲಿಗೆ ಒಂದು ಬೆಲೆ. ಅದರ ಮೇಲೆ ಅಂಗಡಿಯವನು ತನ್ನ ಲಾಭ ಸೇರಿಸಿದರೆ ನನ್ನ ಬೆಲೆಯಾಯಿತು. ಆಕೆಯ ಬೆನ್ನುನೋವನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ನಾನು ನವಲಗುಂದದ ಒಂದು ಜಮಖಾನೆ. ಕೆಂಪು ಮೈ, ನಡುವೆ ಎರಡು ನವಿಲು. ಮೆಹಬೂಬಿ ಎಂಬಾಕೆ ನನ್ನನ್ನು ನೇಯ್ದಳು. ಕೊನೆಯ ಎಳೆ ಕಟ್ಟಿ, ಅಂಗೈಯಿಂದ ಒಮ್ಮೆ ಸವರಿ, ಸುತ್ತಿ ಕೊಟ್ಟುಬಿಟ್ಟಳು. ನನ್ನ ಮೇಲೆ ಆಕೆ ಒಮ್ಮೆಯೂ ಕೂರಲಿಲ್ಲ.

ನನ್ನನ್ನು ಕೊಂಡವರು ವಿರೂಪಾಕ್ಷಗೌಡರು, ಒಂದು ಸಣ್ಣ ಪಕ್ಷದ ಜಿಲ್ಲಾಧ್ಯಕ್ಷರು. ಕಚೇರಿಯಲ್ಲಿ ಕುರ್ಚಿ ಇಡಗೊಡಲಿಲ್ಲ. ಎಲ್ಲರೂ ಚಪ್ಪಲಿ ಹೊರಗೆ ಬಿಟ್ಟು ನನ್ನ ಮೇಲೆ ಕೂರಬೇಕು. ಕೆಳಗೆ ಬಿದ್ದುಕೊಂಡೇ ನಾನು ಮನುಷ್ಯರನ್ನು ಕಲಿತೆ. ಪೂರ್ತಿ ಚಕ್ಕಳಮಕ್ಕಳ ಹಾಕಿ ಕೂತವನು ಮಾತು ಕೇಳಲು ಬಂದವನು. ಒಂದು ಮೊಣಕಾಲು ಎತ್ತಿ ಕೂತವನು ಹೋಗುವ ದಾರಿ ನೋಡುತ್ತಿರುವವನು.

ತೀರ್ಮಾನ ಮಾಡುವ ಪದ್ಧತಿಯನ್ನೂ ಗೌಡರೇ ಹಾಕಿದ್ದರು. ಕೈ ಎತ್ತುವುದಿಲ್ಲ, ಚೀಟಿ ಇಲ್ಲ. ಯಾವುದೇ ಮಾತಿಗೆ ಹೌದೆನ್ನುವವರು ಎದ್ದು, ನನ್ನಿಂದ ಇಳಿದು ಬರಿನೆಲದ ಮೇಲೆ ನಿಲ್ಲಬೇಕು. "ಎತ್ತಿದ ಕೈ ಇಳಸಾಕ ಬರ್ತೈತಿ. ಎದ್ದಾಂವ ಮತ್ತ ಕುಂದ್ರಾಕ ನಾಚ್ತಾನ" ಎನ್ನುತ್ತಿದ್ದರು.

ಆಗ ಗಡಿಯಲ್ಲಿ ಯುದ್ಧ ನಡೆದಿತ್ತು. ಪಕ್ಷದ ಮಹಿಳಾ ಮುಖಂಡೆ ನೀಲವ್ವನ ಮಗ ಮುತ್ತಣ್ಣ ಅದರಲ್ಲಿ ತೀರಿಕೊಂಡಿದ್ದ. ಕೆಲವು ವಾರಗಳಾದ ಮೇಲೆ ಗೌಡರು ಪೇಟೆಯ ಸಭೆಯಲ್ಲಿ, "ಈ ಹುಡುಗ್ರು ದೇಶಕ್ಕ ಸತ್ತಿಲ್ಲ, ಮ್ಯಾಲ ಕುಂತವ್ರ ಹಟಕ್ಕ ಸತ್ತಾರ" ಎಂದುಬಿಟ್ಟರು. ಮಾತು ಮೊಬೈಲುಗಳಲ್ಲಿ ಊರೂರು ಸುತ್ತಿತು. ಚುನಾವಣೆ ಹತ್ತಿರವಿತ್ತು. ಗೌಡರ ರಾಜೀನಾಮೆಯ ಬಗ್ಗೆ ತೀರ್ಮಾನಿಸಲು ಸಭೆ ಕರೆದರು.

ಕಾರ್ಯದರ್ಶಿ ಉಮಾಪತಿ ಮೊದಲು ಬಾಯಿಬಿಟ್ಟ. "ಅಣ್ಣಾರ, ನಮ್ಮ ಬಾವುಟ ಕಂಡ್ರ ಕಲ್ಲು ಒಗ್ಯಾಕತ್ತಾರ. ನೀವು ಜಾಗಾ ಬಿಡ್ರಿ."

"ನಾ ಸುಳ್ಳು ಹೇಳೀನೇನು?"

"ಖರೇನ ಅನ್ರಿ. ಚುನಾವಣಿ ಮುಗಿಯೂತನಕ ತಡಕೋಬೇಕಿತ್ತು."

"ಖರೇ ಮಾತಂದ್ರ ಹಿಂಗಾರಿ ಜ್ವಾಳ ಏನೋ ಉಮಾಪತಿ, ಹದ ನೋಡಿ ಬಿತ್ತಾಕ?"

ನಾಲ್ಕು ಜನ ನಕ್ಕರು. ಗೌಡರ ಮೈ ಹಗುರಾದದ್ದು ನನಗೆ ತಿಳಿಯಿತು. ನಗು ಬಂದ ಕಡೆ ಅವರು ಯಾವಾಗಲೂ ಸ್ವಲ್ಪ ವಾಲುತ್ತಿದ್ದರು.

"ಸೈ, ನಾ ಹೋಗಬೇಕನ್ನವರು ಏಳ್ರಿ" ಎಂದರು.

ಯಾರೂ ಏಳಲಿಲ್ಲ. ಎಷ್ಟೋ ಮೊಣಕಾಲುಗಳು ಎದ್ದವು, ಮತ್ತೆ ಮಲಗಿದವು. ಎಲ್ಲರ ಕಣ್ಣೂ ನೀಲವ್ವನ ಮೇಲಿತ್ತು. ಆಕೆ ಎದ್ದರೆ ಅವರೂ ಏಳುವವರೇ.

ನೀಲವ್ವ ಪೂರ್ತಿ ಚಕ್ಕಳಮಕ್ಕಳ ಹಾಕಿ ಕೂತಿದ್ದಳು. "ಗೌಡ್ರ, ನೀವು ಅಂದದ್ದನ್ನ ನಾನೂ ಅಂದೀನಿ. ಒಲಿ ಮುಂದ ಕುಂತು ದಿನಾ ಅಂತೀನಿ. ಅದಕ್ಕ ನನಗ ಸಿಟ್ಟಿಲ್ಲ."

ಎತ್ತಿದ್ದ ಮೊಣಕಾಲನ್ನು ಉಮಾಪತಿ ಮತ್ತೆ ಇಳಿಸಿದ.

"ಆದ್ರ ಅವತ್ತು ನಾನೂ ಸಭಾದಾಗ ಇದ್ದೆ. ನೀವು ಅಂದಕೂಡ್ಲೆ ಚಪ್ಪಾಳಿ ಬಿತ್ತು. ಬಿದ್ದ ಮ್ಯಾಲ ನೀವು ಕೈ ಮ್ಯಾಲ ಎತ್ತಿ ಅದನ್ನ ಮತ್ತೊಮ್ಮೆ ಅಂದ್ರಿ. ಎರಡನೇ ಸರ್ತಿ ಯಾಕ ಅಂದ್ರಿ?"

ಗೌಡರ ಅಂಗೈ ನನ್ನ ನವಿಲಿನ ಮೇಲೆ ಊರಿತು. ಎದ್ದರು. ಬರಿನೆಲಕ್ಕೆ ಇಳಿದು ನಿಂತರು.

"ನಾ ಏಳ್ರಿ ಅನ್ನಲಿಲ್ಲರಿ. ನಾ ಕುಂತೇ ಇದ್ದೀನಿ" ಎಂದಳು ನೀಲವ್ವ.

"ಗೊತ್ತೈತವ್ವಾ. ಎದ್ದಾಂವ ನಾನು."

ರಾಜೀನಾಮೆ ಕೇಳಿದ ಉಮಾಪತಿಯೂ ಕೂತೇ ಇದ್ದ. ಮುಂದೆ ಅಧ್ಯಕ್ಷನಾದವನೂ ಅವನೇ.

ಅವನು ಪ್ಲಾಸ್ಟಿಕ್ ಕುರ್ಚಿ ತರಿಸಿದ. ನನ್ನನ್ನು ಸುತ್ತಿ ಬಾವುಟದ ಕೋಲುಗಳ ಜೊತೆ ಮೂಲೆಗೆ ನಿಲ್ಲಿಸಿದರು. ಚುನಾವಣೆ ಗೆದ್ದ ಮೇಲೆ ಕಚೇರಿಗೆ ಸುಣ್ಣ ಬಳಿಯುವಾಗ ಹೊರಗೆ ಎಸೆದಿದ್ದರು. ನೀಲವ್ವ ಬಂದು, "ನನಗ ಕೊಡ್ರಿ, ಮಂದಿ ಬಂದ್ರ ಹಾಸಾಕಾಗತೈತಿ" ಎಂದು ಒಯ್ದಳು.

ಮಂದಿ ಬರಲಿಲ್ಲ. ಮಗನಿಗೆ ಅವಮಾನ ಮಾಡಿದವನ ಪರ ಕೂತವಳು ಎಂದು ಓಣಿಯವರು ದೂರವಾದರು. ಗೌಡರನ್ನು ಎಬ್ಬಿಸಿದವಳು ಎಂದು ಅವರ ಕಡೆಯವರು ದೂರವಾದರು. ಆಕೆ ದಿನವೂ ಮಧ್ಯಾಹ್ನ ನನ್ನನ್ನು ಹಾಸುತ್ತಿದ್ದಳು, ಸಂಜೆ ಮಡಚುತ್ತಿದ್ದಳು. ಯಾರೂ ಕೂರದ ಜಮಖಾನೆಗೆ ನುಸಿ ಬೇಗ ಹಿಡಿಯುತ್ತದೆ.

ಒಂದು ದಿನ ಗೌಡರು ಬಂದರು, ಕೋಲೂರಿಕೊಂಡು. ನನ್ನ ಅಂಚಿನಲ್ಲಿ ಕೂತರು. ನೀಲವ್ವ ಚಹಾ ತಂದಿಟ್ಟಳು.

"ಚಪ್ಪಾಳಿ ಸಲುವಾಗಿ ಎರಡನೇ ಸರ್ತಿ ಅನ್ನಬಾರದಿತ್ತು ನೀಲವ್ವಾ."

"ಹೌದ್ರಿ. ಅದರ ಗದ್ದಲದಾಗ ಮೊದಲನೇ ಸರ್ತಿ ಅಂದದ್ದು ಯಾರಿಗೂ ಕೇಳಲೇ ಇಲ್ಲ."

ಆಮೇಲೆ ಮುತ್ತಣ್ಣ ಈಜು ಕಲಿತ ಬಾವಿಯ ಬಗ್ಗೆ ಆಕೆ ಹೇಳಿದಳು, ಗೌಡರು ಕೇಳಿದರು. ಅವತ್ತು ಅವರು ಪೂರ್ತಿ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಮುಂದಿನ ಚಳಿಗಾಲದಲ್ಲಿ ಅವರು ಹಾಸಿಗೆ ಹಿಡಿದರು, ಮತ್ತೆ ಬರಲಿಲ್ಲ.

ಈಗ ನಾನು ಟ್ರಂಕಿನ ಮೇಲೆ ಮಡಚಿ ಬಿದ್ದಿದ್ದೇನೆ. ನುಸಿ ತಿಂದು ಒಂದು ನವಿಲಿಗೆ ಕುತ್ತಿಗೆ ಇಲ್ಲ. ಗೌಡರು ಅಧ್ಯಕ್ಷಗಿರಿ ಬಿಟ್ಟದ್ದು ಸರಿಯೋ ತಪ್ಪೋ ಎಂದು ಊರಿನಲ್ಲಿ ಈಗಲೂ ಜಗಳವಿದೆಯಂತೆ. ನಾನು ಕಂಡದ್ದು ಇಷ್ಟು: ಪಕ್ಷಕ್ಕೆ ಗೆಲುವು ಬಂತು. ಗೌಡರ ಅಧಿಕಾರ ಹೋಯಿತು. ಯುದ್ಧ ಯಾಕೆ ಎಂದು ಕೇಳುವ ಬಾಯಿ ಆ ಕಚೇರಿಯಲ್ಲಿ ಒಂದೂ ಉಳಿಯಲಿಲ್ಲ. ನೀಲವ್ವನಿಗೆ ಒಂದು ಮಧ್ಯಾಹ್ನ ಮಗನ ಬಗ್ಗೆ ಮಾತಾಡಲು ಒಬ್ಬರು ಸಿಕ್ಕರು.